ಯಂತ್ರಗಳ ಮಾತು, ಯಂತ್ರಗಳ ಮೌನ

ಭಟ್ಕಳದ ಪೇಟೆಯಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ಬಂದವರಿಗೆ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಹೊನ್ನಾವರ, ಕುಮಟಾಗಳಲ್ಲಿ ಹವ್ಯಕರ ನುಡಿಯೂ ಇವುಗಳೊಡನೆ ಬೆರೆಯುತ್ತದೆ. ಆದರೂ ವ್ಯಾಪಾರ ಎಂದೂ ನಿಂತಿಲ್ಲ. ಅರ್ಧ ತಿಳಿದ ಮಾತನ್ನು ಮುಖಭಾವದಿಂದಲೋ ಬೆರಳೆಣಿಕೆಯಿಂದಲೋ ಪೂರ್ತಿ ಮಾಡಿಕೊಳ್ಳುವ ಊಹೆ ಮನುಷ್ಯನಿಗಿದೆ. ಯಂತ್ರಕ್ಕೆ ಆ ವರವಿಲ್ಲ. ಒಪ್ಪಂದದಲ್ಲಿ ಕೂದಲೆಳೆಯಷ್ಟು ಅಂತರವಾದರೂ ಅದು ಮೂಕವಾಗುತ್ತದೆ. ಇಲ್ಲವೆ ಸ್ವಚ್ಛವಾದ ದನಿಯಲ್ಲಿ ಸುಳ್ಳು ನುಡಿಯುತ್ತದೆ.

ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲ್ಲೂಕಿನ ತದಡಿ, ಇಂಥ ಮೀನುಗಾರಿಕೆಯ ನೆಲೆಗಳಿಗೆ ಐಸ್ ಪ್ಲಾಂಟ್ ಉಸಿರಿದ್ದಂತೆ. ಉಪ್ಪುನೀರಿನ ತೊಟ್ಟಿಯನ್ನು ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗಿಳಿಸಿ, ಸಿಹಿನೀರು ತುಂಬಿದ ಡಬ್ಬಿಗಳನ್ನು ಅದರಲ್ಲಿ ಮುಳುಗಿಸಿ ಗಡ್ಡೆ ಕಟ್ಟಿಸುತ್ತಾರೆ. ಅಂಥದೊಂದು ಪ್ಲಾಂಟಿನಲ್ಲಿ ಕಂಪ್ರೆಸರು, ಪಂಪುಗಳ ಉಸ್ತುವಾರಿ ಪಿ.ಎಲ್.ಸಿ. ಎಂಬ ನಿಯಂತ್ರಕದ ಕೈಯಲ್ಲಿದೆ ಎಂದಿಟ್ಟುಕೊಳ್ಳೋಣ. ಅದರಿಂದ ಉಷ್ಣತೆಯನ್ನು ಕೇಳಿ ತಿಳಿದು, ಯಜಮಾನರ ಮೊಬೈಲಿಗೆ ಮುಟ್ಟಿಸಲು ಅಂಗೈಯಗಲದ ಪುಟ್ಟ ಗಣಕವೊಂದನ್ನು ಪೆಟ್ಟಿಗೆಯೊಳಗೆ ಹುದುಗಿಸಿದ್ದಾರೆ. ಇವೆರಡರ ನಡುವೆ ಮಾತು ನಡೆಯಬೇಕು.

ಇಂಥ ನಿಯಂತ್ರಕಗಳ ವಂಶಕ್ಕೆ ಮೂಲಪುರುಷ 1969ರಲ್ಲಿ ಅಮೆರಿಕದಲ್ಲಿ ಹೊರಬಂದ ಮಾಡಿಕಾನ್ 084. ಅದೇ ಸಂಸ್ಥೆ 1979ರಲ್ಲಿ ಮಾಡ್‌ಬಸ್ ಎಂಬ ಸಂಭಾಷಣೆಯ ಕ್ರಮವನ್ನು ಪ್ರಕಟಿಸಿತು. ಇಂದಿಗೂ ಕಾರ್ಖಾನೆಗಳಲ್ಲಿ ಅದರ ಬಳಕೆ ಹೇರಳವಾಗಿದೆ. ಅದರ ಮರ್ಯಾದೆ ಹಳೆಯ ಕಾಲದ ಶಾಲೆಯದು: ಒಬ್ಬನು ಕೇಳಬೇಕು, ಹೆಸರು ಹಿಡಿದು ಕೇಳಿಸಿಕೊಂಡವನು ಮಾತ್ರ ಉತ್ತರಿಸಬೇಕು. ಹೆಸರೆಂದರೆ ಇಲ್ಲಿ 1ರಿಂದ 247ರ ವರೆಗಿನ ಒಂದು ಸಂಖ್ಯೆ.

ಮಾತು ಕೆಟ್ಟಾಗ, ಕೆಟ್ಟ ಬಗೆ ಯಾವುದೆಂದು ಮೊದಲು ಗುರುತಿಸಬೇಕು. ಅದು ಮೂರು ತೆರನಾಗಿರುತ್ತದೆ.

ಮೊದಲನೆಯದು ಮೌನ. ಉತ್ತರವೇ ಬಾರದಿದ್ದರೆ ದೋಷವನ್ನು ಮೊದಲು ತಂತಿ, ವೇಗ, ಹೆಸರುಗಳಲ್ಲಿ ಹುಡುಕಬೇಕು. ಒಂದು ಯಂತ್ರ ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿಯೂ ಇನ್ನೊಂದು 19200ರಲ್ಲಿಯೂ ನಿಂತಿದ್ದರೆ ಸಂವಾದ ಅಸಾಧ್ಯ. ಆರ್.ಎಸ್.-485 ಜೋಡಿತಂತಿಗೆ 'ಎ', 'ಬಿ' ಎಂಬ ಗುರುತನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಇಡುವುದಿಲ್ಲ. ಅದಲುಬದಲು ಮಾಡಿದೊಡನೆ ಬಾಯಿ ಬಿಡುವ ಯಂತ್ರಗಳುಂಟು. ದೂರದ ತಂತಿಯಾದರೆ ಎರಡು ಕೊನೆಗಳಲ್ಲಿ ಮಾತ್ರ 120 ಓಮ್‌ಗಳ ನಿರೋಧಕವಿರಬೇಕು. ನಮ್ಮ ಕಡಲ ಗಾಳಿ ಬೇರೆ ತಾಮ್ರಕ್ಕೆ ಹಸಿರು ಹಿಡಿಸುತ್ತದೆ. ನೋಡಲು ಬಿಗಿಯಾಗಿದ್ದ ತಿರುಪಿನ ಕೆಳಗೆ ಸಂಪರ್ಕವೇ ಸತ್ತಿರಬಹುದು.

ಎರಡನೆಯದು ಆಕ್ಷೇಪಣೆ. ನಿಯಂತ್ರಕವು ದೋಷಸಂಖ್ಯೆ 2ನ್ನು ಹಿಂದಿರುಗಿಸಿದರೆ, 'ನೀ ಕೇಳಿದ ಮನೆ ನನ್ನಲ್ಲಿಲ್ಲ' ಎಂದರ್ಥ. ಇದು ಕಂಡರೆ ಮನಸ್ಸಿಗೆ ಸಮಾಧಾನವಾಗಬೇಕು: ತಂತಿ, ವೇಗ, ಹೆಸರು ಮೂರೂ ಸರಿ; ಪ್ರಶ್ನೆಯೊಂದೇ ತಪ್ಪು.

ಮೂರನೆಯದು ತಪ್ಪು ಉತ್ತರ. ಕೈಪಿಡಿಯಲ್ಲಿ 40001 ಎಂದು ಅಚ್ಚಾದ ಮನೆ ತಂತಿಯ ಮೇಲೆ ಸೊನ್ನೆಯೆಂದು ಕರೆಯಿಸಿಕೊಳ್ಳುವುದು ರೂಢಿ. ಒಂದು ಮನೆ ತಪ್ಪಿದರೆ ಉಷ್ಣತೆಯ ಬದಲು ನೆರೆಮನೆಯ ಒತ್ತಡ ಬಂದು ಕುಳಿತಿರುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆಂಬುದನ್ನು ನಿಯಂತ್ರಕ ಹತ್ತರಷ್ಟು ಮಾಡಿ −100 ಎಂದು ಇಟ್ಟುಕೊಂಡಿದ್ದರೆ, ಋಣಚಿಹ್ನೆಯನ್ನರಿಯದ ಗಣಕ ಅದನ್ನು 65436 ಎಂದು ಓದುತ್ತದೆ. ಇನ್ನು ಕ್ರಮದ ವಿಚಾರ. ಶಾಸನಗಳಲ್ಲಿ ಸಂಖ್ಯೆಯನ್ನು ಪದಗಳಲ್ಲಿ ಬರೆದಾಗ ಅಂಕಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕೆಂಬ ಸಂಪ್ರದಾಯವುಂಟು. 'ವೇದ, ಬಾಣ' ಎಂದರೆ ನಾಲ್ಕು, ಐದು; ಆದರೆ ಸಂಖ್ಯೆ 54. ಈ ಸಂಪ್ರದಾಯವನ್ನರಿಯದವನು 45 ಎಂದು ಓದಿ ಇತಿಹಾಸವನ್ನು ಕೆಡಿಸುತ್ತಾನೆ. ಯಂತ್ರಗಳಲ್ಲಿಯೂ ಹೀಗೆಯೇ: ಎರಡು ಬೈಟುಗಳ ಹಿಂದುಮುಂದು ತಪ್ಪಿದರೆ 100 ಎಂಬುದು 25600 ಆಗುತ್ತದೆ.

65436 ಡಿಗ್ರಿಯನ್ನು ಯಾರೂ ನಂಬಲಾರರು. ಆದರೆ ನೆರೆಮನೆಯ ಅಂಕಿ ಅಕಸ್ಮಾತ್ತಾಗಿ ನಂಬುವಂತಿದ್ದರೆ ಏನು ಗತಿ? ರಾತ್ರಿಪಾಳಿಯ ಆಳು ಪರದೆಯನ್ನು ನೋಡಿ ನಿಶ್ಚಿಂತನಾಗುತ್ತಾನೆ. ಬೆಳಗಿನ ಜಾವ ದೋಣಿ ದಡ ಮುಟ್ಟುವಾಗ ಡಬ್ಬಿಗಳಲ್ಲಿ ನೀರು ನೀರಾಗಿಯೇ ಇರುತ್ತದೆ. ಹಲವು ಸಂಸಾರಗಳ ಒಂದು ದಿನದ ದುಡಿಮೆ ಕೊಳೆಯಲು ಅಷ್ಟು ಸಾಕು. ಅಮೋನಿಯಾದಂಥ ವಿಷಾನಿಲ ಬಳಸುವ ಕಡೆ ಒತ್ತಡದ ಅಂಕಿ ಸುಳ್ಳಾದರೆ ಆಪತ್ತು ಮೀನಿಗಷ್ಟೇ ನಿಲ್ಲದು.

ಆದ್ದರಿಂದ ಬಲ್ಲವರು ಎರಡು ನಿಯಮಗಳನ್ನು ಪಾಲಿಸುತ್ತಾರೆ. ಪರೀಕ್ಷೆಯ ಕಾಲದಲ್ಲಿ ಕೇಳುವುದಷ್ಟೇ ಹೊರತು ನಿಯಂತ್ರಕಕ್ಕೆ ಏನನ್ನೂ ಬರೆಯಲಾಗದು. ಬಂದ ಉತ್ತರವನ್ನು ತೊಟ್ಟಿಯಲ್ಲಿ ಅದ್ದಿದ ಸಾಮಾನ್ಯ ಉಷ್ಣಮಾಪಕದೊಡನೆ, ಒಂದಲ್ಲ, ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಹೋಲಿಸಬೇಕು. ಇದಕ್ಕೆ ಕರಾವಳಿಯಲ್ಲಿ ಪ್ರಶಸ್ತ ಕಾಲವೂ ಇದೆ: ಜೂನ್ 1ರಿಂದ ಜುಲೈ 31ರ ವರೆಗಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ 61 ದಿನಗಳು.

ಮೌನವಾದ ಯಂತ್ರ ನಮ್ಮನ್ನು ರೇಗಿಸುತ್ತದೆ, ನಿಜ. ಆದರೆ ಅದು ವಂಚಿಸುವುದಿಲ್ಲ. ಸರಾಗವಾಗಿ ಉತ್ತರಿಸುವುದನ್ನೇ ಇನ್ನೊಮ್ಮೆ ಪರೀಕ್ಷಿಸುವುದು ಲೇಸು.