ಹಚ್ಚೆಯ ಬಣ್ಣಕ್ಕೆ ಹೊಣೆ ಯಾರು?

ದೆಹಲಿಯ ಕನ್ನಡಿಗರ ಮನೆಯಲ್ಲಿ ಮಗನೋ ಮಗಳೋ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಬಂದರೆ ಹೂಡುವ ವಾದಗಳು ಎರಡೇ. ಇದು ನಮ್ಮ ಸಂಸ್ಕೃತಿಯಲ್ಲ ಎಂದು ಹಿರಿಯರು ಗುಡುಗುತ್ತಾರೆ; ನನ್ನ ಮೈ, ನನ್ನ ಇಷ್ಟ ಎಂದು ಕಿರಿಯರು ಮಾರುತ್ತರ ಕೊಡುತ್ತಾರೆ. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಊಟಕ್ಕೆ ಕರೆಯುವುದರೊಂದಿಗೆ ಪ್ರಕರಣ ಮುಗಿಯುತ್ತದೆ. ಸೂಜಿ ಹೊಸದಾಗಿತ್ತೆ, ಬಣ್ಣ ಎಲ್ಲಿಂದ ಬಂತು, ಅದರಲ್ಲಿ ಏನೇನಿತ್ತು ಎಂದು ಇಬ್ಬರೂ ಕೇಳುವುದಿಲ್ಲ. ಎಲ್ಲರಿಗಿಂತ ಮೊದಲು ಕೇಳಬೇಕಾದ ಸರ್ಕಾರವೂ ಕೇಳುವುದಿಲ್ಲ. ನನ್ನ ತಕರಾರು ಈ ಮೂವರ ಮೇಲೂ ಇದೆ.

ಹಿರಿಯರ ವಾದವನ್ನು ಮೊದಲು ನೋಡೋಣ. ಹಚ್ಚೆ ಪರದೇಶದಿಂದ ಬಂದ ಗೀಳು ಎನ್ನುವವರು ತಮ್ಮ ಅಜ್ಜಿಯರ ಮುಂಗೈಗಳನ್ನು ಮರೆತಿದ್ದಾರೆ. ಕೊರವರ ಹೆಂಗಸರು ಊರೂರು ತಿರುಗಿ, ದೀಪದ ಕಪ್ಪಿಗೆ ಸೊಪ್ಪಿನ ರಸ ಬೆರೆಸಿ, ಸೂಜಿಗಳಿಂದ ಚುಚ್ಚಿ, ಮೇಲೆ ಅರಿಸಿನ ಸವರಿ ಹಚ್ಚೆ ಹುಯ್ಯುತ್ತಿದ್ದರು. ಸತ್ತಾಗ ಒಡವೆಗಳನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಯಲ್ಲಿ ಬರುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿತ್ತು. ಉತ್ತರದವರು ಇದನ್ನೇ ಗೋದನಾ ಎನ್ನುತ್ತಾರೆ. ಸಂಸ್ಕೃತಿಯ ಹೆಸರಿನಲ್ಲಿ ಹಚ್ಚೆಯನ್ನು ಅಲ್ಲಗಳೆಯುವುದು ಸಂಸ್ಕೃತಿಯ ಅಜ್ಞಾನ. ಹಾಗೆಂದು ಹಿಂದಿನದನ್ನು ಹೊಗಳಿ ಕೂರುವಂತೆಯೂ ಇಲ್ಲ: ಒಬ್ಬರ ನೆತ್ತರು ಕಂಡ ಸೂಜಿ ಮತ್ತೊಬ್ಬರ ತೋಳಿಗೆ ಹೋಗುತ್ತಿದ್ದ ಕಾಲ ಅದು.

ಆ ಕಾಲ ಪೂರ್ತಿ ಮುಗಿದಿದೆಯೆ ಎಂಬುದೇ ಕಿರಿಯರಿಗೆ ನಾನು ಕೇಳುವ ಪ್ರಶ್ನೆ. ನಿಮ್ಮ ಮೈ ನಿಮ್ಮದೇ, ಒಪ್ಪಿದೆ. ಆದರೆ ಹಚ್ಚೆಯ ಯಂತ್ರದ ಸೂಜಿ ಹೊರಚರ್ಮವನ್ನು ದಾಟಿ ಒಳಚರ್ಮದಲ್ಲಿ ಬಣ್ಣವನ್ನು ಇಳಿಸುತ್ತದೆ, ಅಲ್ಲಿ ನೆತ್ತರಿದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕುಗಳು ಬಳಸಿದ ಸೂಜಿಯ ಮೂಲಕ ದಾಟಬಲ್ಲವು. ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಆದರೆ ನಮ್ಮ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಅದು ಎಲ್ಲ ರಾಜ್ಯಗಳನ್ನೂ ತಲುಪಿದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಅನೇಕರು, ಅಂದರೆ ಇಂದು ಹಚ್ಚೆಯಂಗಡಿಯ ಮುಂದೆ ನಿಂತಿರುವ ವಯಸ್ಸಿನವರೇ, ಲಸಿಕೆ ಪಡೆಯದೆ ಇರಬಹುದು. ಜಾತ್ರೆಯಲ್ಲೋ ಸಂತೆಯಲ್ಲೋ ಹತ್ತು ನಿಮಿಷದಲ್ಲಿ ಹೆಸರು ಬರೆಸಿಕೊಳ್ಳುವಾಗ ಈ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ.

ಸೂಜಿಯನ್ನಾದರೂ ಕಣ್ಣಾರೆ ನೋಡಬಹುದು, ಬಣ್ಣದ ಒಳಗನ್ನು ನೋಡಲಾಗದು. 2011-12ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ 19 ಜನರಿಗೆ ಹಚ್ಚೆಯ ಜಾಗದಲ್ಲಿ ಗುಳ್ಳೆಗಳೆದ್ದವು. ಮೊದಲೇ ತೆಳುಗೊಳಿಸಿ ಮಾರಾಟಕ್ಕೆ ಬಿಟ್ಟಿದ್ದ ಬೂದುಬಣ್ಣದಲ್ಲಿ ಕ್ಷಯರೋಗಾಣುವಿನ ದೂರದ ಸಂಬಂಧಿಯಾದ ಬ್ಯಾಕ್ಟೀರಿಯ ಸೇರಿಕೊಂಡಿತ್ತು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಬಣ್ಣಗಳಲ್ಲಿನ ಸುಮಾರು 4,000 ರಾಸಾಯನಿಕಗಳಿಗೆ ನಿರ್ಬಂಧ ಹೇರಿತು. ನಮ್ಮಲ್ಲಿ ಈ ಮಾತನ್ನು ಎತ್ತಿದ್ದು ಕರ್ನಾಟಕ. 2025ರ ಆರಂಭದಲ್ಲಿ, ಪರೀಕ್ಷಿಸಿದ ಹಚ್ಚೆ ಬಣ್ಣಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸೇರಿದಂತೆ 22 ಲೋಹಗಳು ಕಂಡುಬಂದಿವೆಯೆಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಮಾನದಂಡ ರೂಪಿಸಲು ಕೇಂದ್ರವನ್ನು ಕೋರುವುದಾಗಿಯೂ ತಿಳಿಸಿದರು.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ ಎನ್ನುವಂತಿಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಲ್ಲಿ ಪ್ರಸಾಧನ ಸಾಮಗ್ರಿ ಎಂದರೆ ಅಂದಕ್ಕಾಗಿ ಮೈಗೆ ಸವರುವ, ಸಿಂಪಡಿಸುವ ವಸ್ತು ಮಾತ್ರವಲ್ಲ, ಮೈಯೊಳಕ್ಕೆ ಸೇರಿಸುವ ವಸ್ತುವೂ ಹೌದು. ಈ ಕಾಯ್ದೆಯಡಿಯ ನಿಯಮಗಳಂತೆ ತುಟಿಬಣ್ಣಕ್ಕೆ ಬಳಸುವ ವರ್ಣದ್ರವ್ಯದಲ್ಲಿ ಸೀಸವು ದಶಲಕ್ಷಕ್ಕೆ 20 ಪಾಲನ್ನೂ ಆರ್ಸೆನಿಕ್ 2 ಪಾಲನ್ನೂ ಮೀರುವಂತಿಲ್ಲ. ಸಂಜೆಗೆ ಒರೆಸಿಹಾಕುವ ಬಣ್ಣಕ್ಕೆ ಇಷ್ಟು ಕಟ್ಟುನಿಟ್ಟು. ಸಾಯುವವರೆಗೂ ಚರ್ಮದಲ್ಲಿ ಉಳಿಯುವ ಬಣ್ಣದ ಮೇಲೆ ಯಾರ ಕಣ್ಣೂ ಇಲ್ಲ!

ಈ ವೈಪರೀತ್ಯ ಎದ್ದು ಕಾಣುವುದು ರೋಹಿಣಿಯಂಥ ಬಡಾವಣೆಯಲ್ಲಿ. ಇಲ್ಲಿನ ಸೆಕ್ಟರ್ ಸೆಕ್ಟರಿನ ಮಾರುಕಟ್ಟೆಗಳಲ್ಲಿ ಹಚ್ಚೆಯಂಗಡಿಯ ಫಲಕವೂ ಕಾಣುತ್ತದೆ, ಪೊಲೀಸ್ ಮತ್ತು ಅರೆಸೇನಾ ನೇಮಕಾತಿಯ ತರಬೇತಿ ಕೇಂದ್ರದ ಫಲಕವೂ ಕಾಣುತ್ತದೆ. ಎರಡರ ಗಿರಾಕಿಯೂ ಅದೇ ಇಪ್ಪತ್ತರ ಹುಡುಗ. ಭೂಸೇನೆಯ ನೇಮಕಾತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಹಸ್ತದ ಹಿಂಭಾಗದಲ್ಲಿ ಮಾತ್ರ ಹಚ್ಚೆಗೆ ಅನುಮತಿ, ಬುಡಕಟ್ಟಿನವರಿಗೆ ವಿನಾಯಿತಿಯುಂಟು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಭಾಗ ಇಲ್ಲವೆ ಹಸ್ತದ ಹಿಂಭಾಗವೇ ಆಗಬೇಕು, ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆಯಿರಬೇಕು, ಅದು ಧಾರ್ಮಿಕ ಚಿಹ್ನೆಯೋ ಹೆಸರೋ ಆಗಿರಬೇಕು. ಬಲಗೈಯ ಮಾಸಿದ ಹಚ್ಚೆಯ ಕಾರಣಕ್ಕೆ ದೆಹಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅನರ್ಹನೆಂದು ತಿರಸ್ಕೃತನಾದ ಅಭ್ಯರ್ಥಿಯ ವ್ಯಾಜ್ಯ ದೆಹಲಿ ಹೈಕೋರ್ಟಿನವರೆಗೂ ಹೋಯಿತು. 2024ರಲ್ಲಿ ನ್ಯಾಯಾಲಯ ಆತನ ಪರವಾಗಿ ನಿಂತಿತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಇಲ್ಲದವರು ಎಷ್ಟೋ!

ಹಚ್ಚೆ ಯಾವ ಕೈಯಲ್ಲಿದೆ, ಎಷ್ಟು ಅಗಲವಿದೆ ಎಂದು ಅಳೆಯಲು ಪ್ರಭುತ್ವಕ್ಕೆ ವೈದ್ಯರಿದ್ದಾರೆ, ಪಟ್ಟಿಯಿದೆ, ನಮೂನೆಯಿದೆ. ಅದೇ ಹಚ್ಚೆಯ ಬಣ್ಣದಲ್ಲಿ ಸೀಸ ಎಷ್ಟಿದೆ ಎಂದು ಅಳೆಯಲು ಏನೂ ಇಲ್ಲ. ಹುಡುಗನ ತಪ್ಪನ್ನು ಹಿಡಿಯುವ ವ್ಯವಸ್ಥೆಯುಂಟು, ಹುಡುಗನಿಗೆ ಆದ ಹಾನಿಯನ್ನು ತಡೆಯುವ ವ್ಯವಸ್ಥೆಯಿಲ್ಲ. ಇದನ್ನು ಶಿಸ್ತು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಪ್ರಭುತ್ವ ಎಚ್ಚರಗೊಳ್ಳುವವರೆಗೆ ಕೇಳುವ ಕೆಲಸ ನಮ್ಮ ಮೇಲೆಯೇ ಬಿದ್ದಿದೆ. ಅಂಗಡಿಗೆ ಹೋಗುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಸುತ್ತು ಮುಗಿದಿರಲಿ. ಅದಕ್ಕೆ ಆರು ತಿಂಗಳು ಬೇಕು, ಅಷ್ಟು ಕಾಲ ಕಾಯಲಾಗದ ಚಿತ್ರ ಮೈಮೇಲೆ ಉಳಿಯಲು ಯೋಗ್ಯವೂ ಅಲ್ಲ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಬಣ್ಣವನ್ನು ಸಣ್ಣ ಬಟ್ಟಲಿಗೆ ಆಗಷ್ಟೇ ಸುರಿಯಬೇಕು, ಉಳಿದದ್ದನ್ನು ಚೆಲ್ಲಬೇಕು, ನಲ್ಲಿಯ ನೀರು ಬೆರೆಸಕೂಡದು. ಸೀಸೆಯ ಮೇಲೆ ತಯಾರಕರ ಹೆಸರು, ತಂಡದ ಸಂಖ್ಯೆ, ಅವಧಿಯ ದಿನಾಂಕ ಇಲ್ಲದಿದ್ದರೆ ಎದ್ದು ಬನ್ನಿ. ಗಾಯ ಮಾಗಿದಲ್ಲಿ ಚರ್ಮ ಉಬ್ಬಿ ಗಂಟಾಗುವ ಸ್ವಭಾವದವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಮೊದಲು ಕಾಣಬೇಕು. ಸಮವಸ್ತ್ರದ ಕೆಲಸದ ಆಸೆಯಿದ್ದರೆ ನೇಮಕಾತಿಯ ನಿಯಮವನ್ನು ಮೊದಲು ಓದಬೇಕು.

ಹೊರನಾಡಿನ ನಮಗೆ ಇನ್ನೊಂದು ಎಚ್ಚರ ಬೇಕು. ರೋಹಿಣಿಯ ಕಲಾವಿದನಿಗೆ ಕನ್ನಡ ಲಿಪಿ ಬರಿಯ ಚಿತ್ರ. ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ತಂತ್ರಾಂಶದಲ್ಲಿ 'ಅಮ್ಮ' ಎಂಬುದು 'ಅಮ್‌ಮ' ಆಗುತ್ತದೆ, ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ, ಮಾತು ಬಂದರೂ ಓದು ಬಾರದ ನಮ್ಮ ಮಕ್ಕಳಿಗೆ ತಪ್ಪು ಕಾಣುವುದೇ ಇಲ್ಲ. ತಾಯಿಯ ಹೆಸರನ್ನು ತೋಳಿನಲ್ಲಿ ಹೊರಲು ಬಯಸುವ ಮಗುವಿಗೆ ಅಕ್ಷರ ತಿದ್ದಿಕೊಡುವುದು ಬೈಯುವುದಕ್ಕಿಂತ ದೊಡ್ಡ ಕೆಲಸ.

ಹಚ್ಚೆಯಾದ ಮೇಲೂ ಹೊಣೆಯಿದೆ. ಹೊರಚರ್ಮ ಮಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮೃದು ಸಾಬೂನಿನಲ್ಲಿ ತೊಳೆಯಬೇಕು, ಹಕ್ಕಳೆ ಕೀಳಬಾರದು, ಈಜುಕೊಳಕ್ಕೂ ಸುಡುಬಿಸಿಲಿಗೂ ಹೋಗಬಾರದು. ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಅಂಗಡಿಯವನ ಮುಲಾಮಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ರೋಹಿಣಿಯ ಐದನೆಯ ಸೆಕ್ಟರಿನಲ್ಲಿ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆಯಿದೆ. ಅಂಥ ಆಸ್ಪತ್ರೆಗೆ ನಮ್ಮವರು ಚಿಕಿತ್ಸೆಗೆ ಬಂದಾಗ ರಕ್ತಕ್ಕಾಗಿ ಮೊದಲು ಹೋಗುವ ಕರೆ ಊರಿನ ಯುವಕರಿಗೇ. ಅಳಿಸುತ್ತೇನೆ ಎಂಬ ಧೈರ್ಯವೂ ಬೇಡ: ಲೇಸರ್ ಬಣ್ಣವನ್ನು ಒಡೆಯಬಲ್ಲದು, ಆದರೆ ವಾರಗಟ್ಟಲೆ ಅಂತರದ ಹಲವು ಸುತ್ತು ಬೇಕು, ಕಪ್ಪು ಬೇಗ ಹೋದರೂ ಹಸಿರು, ನೀಲಿ ಹಟ ಹಿಡಿಯುತ್ತವೆ, ಕಲೆ ಉಳಿಯಬಹುದು.

ಕರ್ನಾಟಕ ಎತ್ತಿದ ಕೋರಿಕೆ ತಲುಪಬೇಕಾದ ಕಚೇರಿಗಳು ನಾವು ಬಾಳುವ ಈ ಊರಿನಲ್ಲಿಯೇ ಇವೆ. ರಾಜ್ಯೋತ್ಸವಕ್ಕೆ ಸಚಿವರನ್ನು ಕರೆತರುವ ಸಾಮರ್ಥ್ಯ ದೆಹಲಿಯ ಕನ್ನಡ ಸಂಘಗಳಿಗಿದೆ. ಮುಂದಿನ ಬಾರಿ ಹಾರ ಹಾಕುವಾಗ ಕೈಗೊಂದು ಮನವಿಯನ್ನೂ ಕೊಡಲಿ: ಹಚ್ಚೆಯ ಬಣ್ಣಕ್ಕೆ ಮಾನದಂಡ, ಅಂಗಡಿಗೆ ಪರವಾನಗಿ, ಸೂಜಿಗೆ ತಪಾಸಣೆ. ಸಂಸ್ಕೃತಿಯ ಜಗಳವನ್ನು ಅದಾದ ಮೇಲೆ ಮುಂದುವರಿಸಬಹುದು.