ಹೊಡೆಯದೆ ಬಿಟ್ಟ ಚೆಂಡು

ಪಡದೆಯ ಮೇಲಿನ ಆಟವೆಂದರೆ ಬರಿಯ ಕಾಲಹರಣವೆಂದು ನಾವು ಈ ಪುಟದಲ್ಲಿಯೇ ಒಂದೆರಡು ಸಲ ಬರೆದದ್ದುಂಟು. ವಾಚಕರಲ್ಲಿ ಕೆಲವರಿಗೆ ಅದು ನೆನಪಿರಲೂಬಹುದು. ಆ ಮಾತನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುವದಕ್ಕೆ ಈ ತಿಂಗಳು ಲೇಖನಿ ಹಿಡಿದಿಲ್ಲ. ಆದರೆ ಅದರಲ್ಲಿ ಅರ್ಧವನ್ನಾದರೂ ತಿದ್ದಿಕೊಳ್ಳುವ ಪ್ರಸಂಗ ಬಂದಿದೆ. ಅದು ಹೇಗೆಂಬದನ್ನು ವಾಚಕರ ಮುಂದೆ ನಿವೇದಿಸುವೆವು.

ನಮ್ಮ ಮಗಳು ಅಳಿಯಂದಿರು ಅಮೇರಿಕೆಯ ನ್ಯೂ ಜರ್ಸಿಯಲ್ಲಿರುವರು. ಹನ್ನೊಂದು ವರ್ಷದ ಮೊಮ್ಮಗನು ಅಲ್ಲಿಯೇ ಹುಟ್ಟಿ ಬೆಳೆದವನು. ನಾವು ನಿಡಗುಂದಿಯಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಅವರಿಗೆ ಬೆಳಗು. ರವಿವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡುವದು, “ನಾಷ್ಟಾ ಆತೇನಪಾ? ಅಭ್ಯಾಸ ಹ್ಯಾಂಗ ನಡದದ?” ಎಂದು ನಾವು ಕೇಳುವದು, “ಹೂಂ, ಅಜ್ಜಾ” ಎಂದು ಅವನು ಅನ್ನುವದು, ಅಲ್ಲಿಗೆ ಮಾತು ಮುಗಿಯುವದು. ಅವನಿಗೆ ಕನ್ನಡ ಅರ್ಥವಾಗುವದು, ಆಡಲು ನಾಲಿಗೆ ಹೊರಳದು. ಅವನ ಇಂಗ್ಲಿಷಿನ ಓಟವು ನಮ್ಮ ಕಿವಿಗೆ ಸಿಗದು. ಹೀಗೆಯೇ ಇನ್ನು ನಾಲ್ಕು ವರ್ಷ ಕಳೆದರೆ ಅಜ್ಜನೆಂಬವನು ಅವನ ಪಾಲಿಗೆ ಗೋಡೆಯ ಮೇಲಿನ ಚಿತ್ರಪಟವಾಗುವನೆಂಬ ಅಂಜಿಕೆ ನಮ್ಮ ಮನದೊಳಗೆ ಇತ್ತು. ಅದನ್ನು ಯಾರ ಮುಂದೆಯೂ ಆಡಿ ತೋರಿಸಿರಲಿಲ್ಲ.

ಕಳೆದ ಜುಲೈ ತಿಂಗಳಲ್ಲಿ ಶಾಲೆಯ ಸೂಟಿಗೆಂದು ಅವರೆಲ್ಲರೂ ಊರಿಗೆ ಬಂದರು. ಕೃಷ್ಣೆಗೆ ಹೊಸ ನೀರು ಬರುವ ದಿನಗಳು. ಆಲಮಟ್ಟಿಯ ಅಣೆಕಟ್ಟನ್ನೂ ಅಲ್ಲಿಯ ಉದ್ಯಾನಗಳನ್ನೂ ತೋರಿಸಿದೆವು. ಎರಡು ದಿನಗಳಲ್ಲಿ ತೋರಿಸುವದೆಲ್ಲ ತೀರಿತು. ಮೂರನೆಯ ದಿನ ಜಿಟಿಜಿಟಿ ಮಳೆ. ಹುಡುಗನು ತನ್ನ ಚೀಲದಿಂದ ಅಂಗೈ ಅಗಲಕ್ಕಿಂತ ತುಸು ದೊಡ್ಡದಾದ ಒಂದು ಯಂತ್ರವನ್ನು ತೆಗೆದನು. ಅದಕ್ಕೆ ನಿಂಟೆಂಡೊ ಸ್ವಿಚ್ ಎಂದು ಹೆಸರು. ಅದನ್ನು ನಮ್ಮ ಪಡಸಾಲೆಯ ಟೀವಿಗೆ ಜೋಡಿಸಿ, ಒಂದು ಹಿಡಿಕೆಯನ್ನು ನಮ್ಮ ಕೈಯಲ್ಲಿಟ್ಟನು. ಬೈಯುವದಕ್ಕೆ ಬಾಯಿ ತೆರೆದಿದ್ದೆವು. ಅವನ ಮುಖ ನೋಡಿ ಮುಚ್ಚಿಕೊಂಡೆವು.

ಆ ಆಟವು ಬೇಸ್‌ಬಾಲ್. ಈ ಕ್ರೀಡೆಯನ್ನು ಪಡದೆಗೆ ತರುವ ಯತ್ನವು ಬಹಳ ಹಳೆಯದು. ಜಪಾನದ ನಿಂಟೆಂಡೊ ಕಂಪನಿಯು 1983ರಲ್ಲಿಯೇ ಅಂಥ ಒಂದು ಆಟವನ್ನು ಹೊರಡಿಸಿತ್ತು. ನಮ್ಮ ಹುಡುಗನು ತಂದದ್ದು 'ಎಮ್‌ಎಲ್‌ಬಿ ದಿ ಶೋ' ಎಂಬದು. ಈ ಮಾಲಿಕೆಯು 2006ರಲ್ಲಿ ಮೊದಲಾಗಿ, 2022ರಲ್ಲಿ ಈ ಚಿಕ್ಕ ಯಂತ್ರಕ್ಕೂ ಬಂದಿತು.

ಚಿನ್ನಿದಾಂಡು ಆಡಿ ಬೆಳೆದು, ಮುಂದೆ ಕ್ರಿಕೆಟ್ಟು ನೋಡಿದ ನಮಗೆ ಇದರಲ್ಲಿ ಕಲಿಯುವದೇನಿದೆ ಎಂದು ನಾವು ಭಾವಿಸಿದ್ದೆವು. ಚೆಂಡು ಬಂತು, ಗುಂಡಿ ಒತ್ತಿದೆವು, ದಾಂಡು ಗಾಳಿಯಲ್ಲಿ ಬೀಸಿತು. ಮತ್ತೊಂದು ಬಂತು, ಮತ್ತೆ ಬೀಸಿದೆವು. ಮೂರು ಸಲ ತಪ್ಪಿದರೆ ಔಟ್. ಮೂವರು ಔಟಾದರೆ ಆ ಪಾಳಿ ಮುಗಿಯಿತು. ನಮ್ಮ ಪಾಳಿಯು ಒಂದು ಲೋಟ ಚಹ ಆರುವಷ್ಟರಲ್ಲಿ ಮುಗಿಯುತ್ತಿತ್ತು. ನಾಲ್ಕನೆಯ ಸಲ ನಾವು ಗುಂಡಿಗೆ ಬೆರಳು ಒಯ್ಯುತ್ತಿರಲು ಹುಡುಗನು ನಮ್ಮ ಮಣಿಕಟ್ಟು ಹಿಡಿದು, “ಅಜ್ಜಾ, ಬಿಡು!” ಎಂದನು. ಮನೆಯಲ್ಲಿ ಅವನ ತಾಯಿ ಅವನ ಕೈಯಿಂದ ಫೋನು ಕಸಿಯುವಾಗಲೆಲ್ಲ ಅನ್ನುವ ಮಾತು ಅದು. ಅವನ ಬಾಯಿಗೆ ಸಲೀಸಾಗಿ ಬರುವ ನಾಲ್ಕಾರು ಕನ್ನಡ ಮಾತುಗಳಲ್ಲಿ ಒಂದು. ನಾವು ಬಿಟ್ಟೆವು. ಚೆಂಡು ದೂರದಿಂದ ಹಾದುಹೋಯಿತು. ನಮ್ಮ ಲೆಕ್ಕಕ್ಕೆ ಒಂದು ಲಾಭ ಬಂದಿತು.

ಈ ಆಟದ ಮರ್ಮವು ಅಲ್ಲಿಯೇ ಇದೆ. ಕ್ರಿಕೆಟ್ಟಿನಲ್ಲಿ ಆಟಗಾರನ ಬೆನ್ನ ಹಿಂದೆ ಮೂರು ಕೋಲುಗಳಿರುವವು. ಅವನ್ನು ಕಾಯುವದು ಅವನ ಮೊದಲನೆಯ ಧರ್ಮ. ಬೇಸ್‌ಬಾಲಿನಲ್ಲಿ ಕಾಯುವದಕ್ಕೆ ಕೋಲಿಲ್ಲ. ಅವನ ಮುಂದೆ ಕಣ್ಣಿಗೆ ಕಾಣದ ಒಂದು ಕಿಟಕಿ ಇರುವದು. ಅದರ ಅಗಲ 17 ಇಂಚು, ಎತ್ತರವು ಮೊಣಕಾಲ ಕೆಳಗಿನಿಂದ ಎದೆಯವರೆಗೆ. ಆ ಕಿಟಕಿಯೊಳಗಿನಿಂದ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ ಅದು ಸ್ಟ್ರೈಕ್, ಎಂದರೆ ಅವನಿಗೆ ನಷ್ಟ. ಹೊರಗಿನಿಂದ ಹೋದದ್ದನ್ನು ಬಿಟ್ಟರೆ ಅದು ಬಾಲ್, ಎಂದರೆ ಲಾಭ. ಹೊರಗಿನ ಚೆಂಡಿಗೇ ಆಸೆಪಟ್ಟು ಬೀಸಿ ತಪ್ಪಿದರೆ ಅದೂ ಸ್ಟ್ರೈಕೇ ಸರಿ. ಮೂರು ಸ್ಟ್ರೈಕಿಗೆ ಔಟ್; ನಾಲ್ಕು ಬಾಲಿಗೆ ಒಂದೂ ಹೊಡೆತವಿಲ್ಲದೆ ಮೊದಲನೆಯ ನೆಲೆಗೆ ನಡೆದುಹೋಗಬಹುದು. ಎಸೆಯುವವನು ನಿಂತಿರುವದು 60 ಅಡಿ 6 ಇಂಚಿನ ಮೇಲೆ. ತಾಸಿಗೆ 95 ಮೈಲಿನ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದು ಮುಟ್ಟುವದು. ಅಷ್ಟರೊಳಗೆ ಹೊಡೆಯಬೇಕೋ ಬಿಡಬೇಕೋ ಎಂಬದನ್ನು ನಿಶ್ಚಯಿಸಬೇಕು. ಎಸೆಯುವವನ ಕಸುಬೆಲ್ಲ, ಹೊರಗಿನದನ್ನು ಒಳಗಿನದೆಂದು ನಂಬಿಸುವದರಲ್ಲಿ ಇದೆ.

ಮೊಮ್ಮಗನ ಪಾಠಕ್ರಮವು ಹೀಗಿತ್ತು. ಮೊದಲು ಆಟವನ್ನು ತೀರ ಕೆಳಗಿನ ಮೆಟ್ಟಿಲಿನಲ್ಲಿ ಇಡುವದು. ದಾಂಡಿನ ಗುರಿಯನ್ನು ಯಂತ್ರಕ್ಕೆ ಬಿಟ್ಟು, ಬೀಸುವ ಸಮಯವನ್ನಷ್ಟೇ ನಾವು ನೋಡಿಕೊಳ್ಳುವ ಪದ್ಧತಿಯನ್ನು ಆರಿಸುವದು. ಪ್ರತಿಯೊಂದು ಸರತಿಯಲ್ಲಿ ಮೊದಲಿನ ಎರಡು ಚೆಂಡುಗಳನ್ನು, ಅವು ಹೇಗೇ ಬರಲಿ, ಬರಿದೇ ನೋಡುವದು. ಆಮೇಲೆ ನಾವೇ ಎಸೆಯುವವರಾಗಿ ವೇಗದ್ದನ್ನೂ ನಿಧಾನದ್ದನ್ನೂ ಬಾಗುವದನ್ನೂ ಎಸೆದು ನೋಡುವದು. ಮೋಸವನ್ನು ಮಾಡಿ ನೋಡದೆ ಮೋಸದ ಗುರುತು ಸಿಗದು. ಒಂಬತ್ತು ಇನಿಂಗ್ಸಿನ ಬದಲು ಮೂರನ್ನೇ ಆಡುವದು. ಐದನೆಯ ದಿನ ನಮ್ಮ ದಾಂಡಿಗೆ ಚೆಂಡು ತಗಲಿತು. ಕ್ರಿಕೆಟ್ಟಿನ ರೂಢಿಯಂತೆ, ಓಡುವದೋ ಬೇಡವೋ ಎಂದು ನಾವು ವಿಚಾರಿಸುತ್ತಿರಲು ಪಡದೆಯ ಮೇಲಿನ ಆಟಗಾರನು ಆಗಲೇ ಓಡಿದ್ದನು. ಚೆಂಡು ಗೆರೆಯೊಳಗೆ ಬಿದ್ದ ಮೇಲೆ ಇಲ್ಲಿ ಓಡದೆ ಗತಿಯಿಲ್ಲ.

ಸೋತಾಗ ಅವನು ನಮಗೆ ಹೇಳಿದ ಸಮಾಧಾನವೂ ಸ್ಮರಣೀಯವಾಗಿದೆ. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಆ ದೇಶದಲ್ಲಿ ಶ್ರೇಷ್ಠನಂತೆ. 1941ರಲ್ಲಿ ಟೆಡ್ ವಿಲಿಯಮ್ಸ್ ಎಂಬವನು ಸಾವಿರಕ್ಕೆ 406ರ ಸರಾಸರಿಯಲ್ಲಿ ಹೊಡೆದದ್ದನ್ನು ಇಂದಿಗೂ ಕೊಂಡಾಡುವರು. ಅವನಿಗೂ ಹತ್ತರಲ್ಲಿ ಆರು ಸಲ ಸೋಲೇ. ನಮ್ಮ ದೇಶದವರಿಗೆ ಇದು ಒಗ್ಗದ ವಿದ್ಯೆಯೆಂದೂ ತಿಳಿಯಬಾರದು. ಉತ್ತರ ಪ್ರದೇಶದ ರಿಂಕೂ ಸಿಂಗ್, ದಿನೇಶ ಪಟೇಲ ಎಂಬ ಇಬ್ಬರು ಭರ್ಚಿ ಎಸೆಯುವ ತರುಣರು 2008ರಲ್ಲಿ ಒಂದು ಎಸೆತದ ಸ್ಪರ್ಧೆಯಿಂದ ಆಯ್ಕೆಯಾಗಿ, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಘದೊಡನೆ ಕರಾರು ಮಾಡಿಕೊಂಡರು.

ಒಂದು ಸಂಜೆ ಹುಡುಗನು ಅದೇ ಆಟದಲ್ಲಿ ಬೇರೊಂದು ಭಾಗವನ್ನು ತೆರೆದನು. 2023ರ ಆವೃತ್ತಿಯಲ್ಲಿ ಕಪ್ಪು ವರ್ಣದ ಆಟಗಾರರ ಪ್ರತ್ಯೇಕ ಲೀಗುಗಳ ಇತಿಹಾಸವನ್ನು ಸೇರಿಸಿರುವರು. ಬಿಳಿಯರ ಸಂಘಗಳು ದಶಕಗಳವರೆಗೆ ಅವರನ್ನು ಹತ್ತಿರ ಸೇರಿಸಿರಲಿಲ್ಲ. 1947ರ ಎಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಸಂಘದ ಪರವಾಗಿ ಅಂಗಳಕ್ಕಿಳಿದು ಆ ಕಟ್ಟನ್ನು ಮುರಿದನು. ಜನರು ಬೈದರೂ ಅವನು ಎದುರಾಡಲಿಲ್ಲವೆಂಬದನ್ನು ಮೊಮ್ಮಗನು ಅರ್ಧ ಕನ್ನಡದಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದನು. ಬಳಿಕ ನಮ್ಮ ಸರತಿ. ಹುಟ್ಟಿನಿಂದ ಮೇಲುಕೀಳೆಣಿಸುವದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಧಿಕ್ಕರಿಸಿದ ಬಸವಣ್ಣನವರ ಮಾತನ್ನು ತೆಗೆದೆವು. ಅವರು ಹುಟ್ಟಿದ ಬಾಗೇವಾಡಿಯು ನಮಗೆ ನೆರೆಯ ಊರೆಂದೆವು. “ನಾಳೆ ಹೋಗೋಣ, ಅಜ್ಜಾ” ಎಂದನು. ಅವನು ತಾನಾಗಿ ಜೋಡಿಸಿದ ಮೊದಲನೆಯ ಪೂರ್ಣ ವಾಕ್ಯವದು. ಮರುದಿನ ಹೋಗಿ ಬಂದೆವು.

ಗೃಹಸ್ಥರಿಗೆ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪ ಬಂದೀತು. ಈ ಆಟದೊಳಗೆ ಒಂದು ಅಂಗಡಿ ಇರುವದು. ಆಟಗಾರರ ಚಿತ್ರವುಳ್ಳ ಎಲೆಗಳ ಕಟ್ಟುಗಳು ಅಲ್ಲಿ ದೊರೆಯುವವು. ಆಡಿ ಗಳಿಸಿದ ಆಟದ ನಾಣ್ಯದಿಂದ ಅವನ್ನು ಕೊಳ್ಳಬಹುದು, ಆ ನಾಣ್ಯವನ್ನು ನಿಜವಾದ ಹಣ ತೆತ್ತೂ ಪಡೆಯಬಹುದು. ಕಟ್ಟಿನೊಳಗೆ ಏನಿದೆಯೆಂಬದು ಬಿಚ್ಚುವವರೆಗೆ ತಿಳಿಯದು. ಆದುದರಿಂದ ಮನೆಯ ಬ್ಯಾಂಕು ಕಾರ್ಡನ್ನು ಯಂತ್ರಕ್ಕೆ ಜೋಡಿಸಿ ಇಡತಕ್ಕದ್ದಲ್ಲ. ಎರಡನೆಯದಾಗಿ, ಎಷ್ಟು ಇನಿಂಗ್ಸು ಆಡುವದೆಂಬದನ್ನು ಕೂಡ್ರುವ ಮುಂಚೆಯೇ ಗೊತ್ತುಮಾಡಬೇಕು. ಸೋತ ಮೇಲೆ ಮಾಡಿದ ನಿಶ್ಚಯವು ನಿಲ್ಲದು. ಇದನ್ನು ನಾವು ಹುಡುಗನನ್ನು ನೋಡಿ ಬರೆಯುತ್ತಿಲ್ಲ, ನಮ್ಮನ್ನು ನಾವೇ ನೋಡಿಕೊಂಡು ಬರೆಯುತ್ತಿರುವೆವು.

ಆ ಒಂದು ತಿಂಗಳಲ್ಲಿ ಆಟದ ಮಾತುಗಳಿಗೆಲ್ಲ ನಾವಿಬ್ಬರೂ ಕೂಡಿ ಕನ್ನಡದ ಹೆಸರಿಟ್ಟೆವು. ಸ್ಟ್ರೈಕಿಗೆ 'ಪೆಟ್ಟು' ಎಂದೆವು. ನಾಲ್ಕು ಬಾಲು ನೋಡಿ ನಡೆದುಹೋಗುವದಕ್ಕೆ 'ನಾಕು ಬಿಟ್ಟೆ' ಎಂದೆವು. ಆಗಸ್ಟಿನಲ್ಲಿ ಅವರು ತಿರುಗಿ ಹೋದರು, ಯಂತ್ರವೂ ಹೋಯಿತು. ಪಡಸಾಲೆಯ ಟೀವಿಯಲ್ಲಿ ಈಗ ಮೊದಲಿನಂತೆ ವಾರ್ತೆ ನಡೆಯುವದು.

ಹುಡುಗನು ಅಲ್ಲಿ ತನ್ನ ಶಾಲೆಯ ಗೆಳೆಯರೊಡನೆ ನಿಜವಾದ ಅಂಗಳದಲ್ಲಿ ಆಡಹತ್ತಿರುವನು. ಕಳೆದ ರವಿವಾರ ಫೋನು ಬಂದಾಗ ನಾವು ವಾಡಿಕೆಯಂತೆ ನಾಷ್ಟದ ಮಾತಿಗೆ ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ಆ ಕಡೆಯಿಂದ, ಮೈಮೇಲೆ ಇನ್ನೂ ಮಣ್ಣು ಮೆತ್ತಿದ್ದಾಗಲೇ, ಅವನು ಕೂಗಿದನು: “ಅಜ್ಜಾ, ಇವತ್ತ ನಾಕು ಬಿಟ್ಟೆ!”

ನಾವು ಯಾವ ಯಾವ ಚೆಂಡೆಂದು ಕೇಳಿದೆವು. ಅವನು ಒಂದೊಂದಾಗಿ ಹೇಳಿದನು. ಅಡಿಗೆಮನೆಯಿಂದ ನಮ್ಮ ಮನೆಯವರು ಊಟಕ್ಕೆ ಎರಡು ಸಲ ಕರೆದರು.