ಕಾರಿನ ಏರ್ ಫಿಲ್ಟರ್ ಕೊಳ್ಳುವ ಮುನ್ನ

ವಿಜಯಪುರ ಜಿಲ್ಲೆಯ ಶರಣಬಂಧುಗಳೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಹಿರಿಯ ಮಗ ಸಾಲ ಮಾಡಿ ಪೆಟ್ರೋಲ್ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾನೆ. ಮನೆಯ ಖರ್ಚು, ಮಗಳ ಕಾಲೇಜಿನ ಶುಲ್ಕ, ಸಾಲದ ಕಂತು ಎಲ್ಲವೂ ಆ ಒಂದು ಗಾಡಿಯ ಕಾಯಕದ ಮೇಲೆಯೇ ನಿಂತಿವೆ. ಈಗ ಅಂಗಡಿಯವರೊಬ್ಬರು, ಕಂಪನಿಯ ಕಾಗದದ ಏರ್ ಫಿಲ್ಟರನ್ನು ತೆಗೆದು, ತೊಳೆದು ಬಳಸುವಂಥ ಹತ್ತಿಯ ಫಿಲ್ಟರನ್ನು ಹಾಕಿಸಿದರೆ ಎಳೆತ ಹೆಚ್ಚುತ್ತದೆ, ಪೆಟ್ರೋಲ್ ಉಳಿಯುತ್ತದೆ, ಮತ್ತೆಂದೂ ಫಿಲ್ಟರ್ ಕೊಳ್ಳುವ ಪ್ರಮೇಯ ಬಾರದು ಎಂದಿದ್ದಾರಂತೆ. ಬೆಲೆ ಹಲವು ಸಾವಿರ ರೂಪಾಯಿ. ಹಾಕಿಸಬಹುದೇ ಎಂಬುದು ತಂದೆಯವರ ಪ್ರಶ್ನೆ.

ಬೇಡವೆಂಬುದೇ ನಮ್ಮ ಉತ್ತರ. ಕಾರಣವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇದೇ ಮಾತು ಇನ್ನೂ ಹಲವು ಮನೆಗಳಿಗೆ ಬಂದಿರಬಹುದು.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ದಿನಕ್ಕೆ 20 ಲೀಟರ್ ಸುಡುವ ಬಾಡಿಗೆ ಗಾಡಿ ಸಂಜೆಯೊಳಗೆ ಹೆಚ್ಚುಕಡಿಮೆ 1,80,000 ಲೀಟರ್ ಗಾಳಿಯನ್ನು ಸೇದಿಕೊಂಡಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಬೆನ್ನಿಗೆ ಮಣ್ಣಿನ ರಸ್ತೆಯಲ್ಲಿ ಹೋದವರಿಗೆ ಆ ಗಾಳಿಯಲ್ಲಿ ಏನಿರುತ್ತದೆಂದು ಹೇಳಬೇಕಾಗಿಲ್ಲ. ಧೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿಯಾದುದು. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಗೋಡೆಯ ನಡುವೆ ಸೇರಿ ಅರದಂತೆ ಉಜ್ಜುತ್ತದೆ. ಸದ್ದಾಗುವುದಿಲ್ಲ, ಗಾಡಿ ನಿಲ್ಲುವುದಿಲ್ಲ. ಒಂದೆರಡು ವರ್ಷಗಳಾದ ಮೇಲೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ, ಹಿಂದಿನಿಂದ ನೀಲಿ ಹೊಗೆ ಬರುತ್ತದೆ.

ವಿಭೂತಿ ಮಾಡುವವರು ಭಸ್ಮವನ್ನು ಬಟ್ಟೆಯಲ್ಲಿ ಸೋಸುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಜಾಳು ಬಟ್ಟೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಹಣೆಗೆ ಹಚ್ಚಿದಾಗ ಹರಳು ತಾಗುತ್ತದೆ. ಫಿಲ್ಟರಿನ ವಿಷಯವೂ ಹೀಗೆಯೇ. ಹೆಚ್ಚು ಗಾಳಿ ಬಿಡುತ್ತದೆ ಎಂಬ ಹೊಗಳಿಕೆಯನ್ನು ಕೇಳಿದಾಗ, ಧೂಳನ್ನು ಎಷ್ಟು ಹಿಡಿಯುತ್ತದೆ ಎಂದು ಮರುಪ್ರಶ್ನೆ ಹಾಕತಕ್ಕದ್ದು. ಒಳ್ಳೆಯ ಕಾಗದದ ಫಿಲ್ಟರು ಪರೀಕ್ಷೆಯ ಧೂಳಿನ ತೂಕದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲನ್ನು ತಡೆಯುತ್ತದೆ.

ಹತ್ತಿಯ ಫಿಲ್ಟರು ಮೋಸದ ವಸ್ತುವೇನೂ ಅಲ್ಲ. 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಕೆ ಅಂಡ್ ಎನ್ ಕಂಪನಿಯಿಂದ ಅದಕ್ಕೆ ಹೆಸರು ಬಂತು. ಪಂದ್ಯದ ಗಾಡಿಗಳಿಗೆ ಅದು ಒಪ್ಪುತ್ತದೆ, ಅವುಗಳ ಎಂಜಿನ್ನನ್ನು ಹೇಗೂ ಮೇಲಿಂದ ಮೇಲೆ ಬಿಚ್ಚುತ್ತಾರೆ. ಆದರೆ ಅದು ಧೂಳು ಹಿಡಿಯುವುದು ಬಹುಮಟ್ಟಿಗೆ ಎಣ್ಣೆಯ ಬಲದಿಂದ. ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಅಳತೆಯಾಗಿ ಎಣ್ಣೆ ಹಚ್ಚಬೇಕು. ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ, ಗಾಳಿಯನ್ನು ಅಳೆಯುವ ಬಿಸಿತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಆ ಎಣ್ಣೆ ಅದಕ್ಕೆ ಅಂಟಿ ಅಳತೆ ಕೆಡುತ್ತದೆ. ದಿನವಿಡೀ ದುಡಿಯುವ ಹುಡುಗನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಪೆಟ್ರೋಲ್ ಉಳಿಯುತ್ತದೆ ಎಂಬುದೂ ಹಳೆಯ ಕಾಲದ ಮಾತು. 2009ರಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು ಕಾರುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿದರು. ಕಾರ್ಬುರೇಟರಿನ ಹಳೆಯ ಗಾಡಿಯಲ್ಲಿ ಮೈಲೇಜು ಇಳಿಯಿತು. ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಗಾಡಿಗಳಲ್ಲಿ ಎಳೆತ ತಗ್ಗಿತೇ ಹೊರತು ಮೈಲೇಜು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಕಟ್ಟಿಕೊಂಡ ಫಿಲ್ಟರಿನಿಂದಲೇ ಮೈಲೇಜು ಕೆಡದಿದ್ದ ಮೇಲೆ ಜಾಳು ಫಿಲ್ಟರಿನಿಂದ ಅದು ಹೆಚ್ಚುವುದೆಂತು?

ಇನ್ನು ಕಾಗದದ ಫಿಲ್ಟರುಗಳಲ್ಲಿಯೇ ಆಯ್ಕೆ ಹೇಗೆಂಬ ಪ್ರಶ್ನೆ. ಇಲ್ಲಿ ನಾವೇ ಮಾಡಿಕೊಂಡ ತಪ್ಪನ್ನು ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಜಾತ್ರೆಗೆ ಹೊರಟಾಗ ದಾರಿಯ ಊರೊಂದರಲ್ಲಿ ಹೆಸರಿಲ್ಲದ ಫಿಲ್ಟರನ್ನು ಕೊಂಡು ಹಾಕಿಸಿದೆವು. ಉಳಿದದ್ದು ನೂರೈವತ್ತು ರೂಪಾಯಿ. ಕಾಗದವೇನೋ ಚೆನ್ನಾಗಿಯೇ ಇತ್ತು, ಅಂಚಿನ ರಬ್ಬರು ಮಾತ್ರ ಬಿರುಸಾಗಿತ್ತು, ಒಂದು ಮೂಲೆಯಲ್ಲಿ ಪೆಟ್ಟಿಗೆಗೆ ಕೂಡಿರಲಿಲ್ಲ. ಮುಂದೆ ಮೆಕ್ಯಾನಿಕರು ಪೆಟ್ಟಿಗೆ ತೆರೆದು, ಫಿಲ್ಟರಿನ ಆಚೆಗೆ ಎಂಜಿನ್ನಿನ ಕಡೆಯ ಕೊಳವೆಯಲ್ಲಿ ಬೆರಳಾಡಿಸಿ ತೋರಿಸಿದಾಗ ಹಿಟ್ಟಿನಂಥ ಧೂಳು ಮೆತ್ತಿತ್ತು. ರಿಂಗು ಬದಲಿಸಿದ ಖರ್ಚನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಆದುದರಿಂದ ಅಂಚನ್ನೇ ಮೊದಲು ನೋಡತಕ್ಕದ್ದು. ರಬ್ಬರು ಮೆತ್ತಗಿದ್ದು, ಒತ್ತಿದರೆ ತಗ್ಗಿ ಮತ್ತೆ ಏಳಬೇಕು. ಸುತ್ತಲೂ ಸಂದಿಲ್ಲದೆ ಕೂಡಬೇಕು. ಹಳೆಯ ಫಿಲ್ಟರನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಮಡಿಕೆಗಳನ್ನು ಎಣಿಸಿರಿ. ಅದೇ ಅಳತೆಯಲ್ಲಿ ಮಡಿಕೆ ಕಡಿಮೆಯಿದ್ದರೆ ಕಾಗದವೂ ಕಡಿಮೆಯೆಂದೇ ಅರ್ಥ. ಬೆಳಕಿಗೆ ಹಿಡಿದಾಗ ಸೂಜಿರಂಧ್ರ ಕಾಣಬಾರದು. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್, ಡೀಸೆಲ್ ಎಂಜಿನ್ನುಗಳಿಗೆ ಬೇರೆ ಬೇರೆ ಫಿಲ್ಟರು ಇರುವುದುಂಟು, ವರ್ಷವನ್ನೂ ಹೇಳಿ ಕೇಳಬೇಕು. ಕಾರಿನ ಕಂಪನಿಯದೇ ಆಗಬೇಕೆಂದಿಲ್ಲ. ಬಾಷ್, ಮಾಹ್ಲೆ, ಮನ್, ಎಲೊಫಿಕ್ ಇವೆಲ್ಲ ಫಿಲ್ಟರಿನಲ್ಲಿ ನುರಿತ ಹೆಸರುಗಳೇ. ಅವುಗಳ ನಕಲಿಗೆ ಹೆದರಿ ರಸೀದಿ ಕೇಳುವುದು ಒಳ್ಳೆಯದು.

ಧೂಳಿನ ರಸ್ತೆಯ ಗಾಡಿಗೆ ಕಾರಿನ ಕೈಪಿಡಿಯಲ್ಲಿ ಬೇರೆಯೇ ಲೆಕ್ಕವಿರುತ್ತದೆ, ಅದರಂತೆ ಬದಲಿಸಬೇಕು. ಹಾಗೆಂದು ವಾರಕ್ಕೊಮ್ಮೆ ತೆಗೆದು ಜೋರಾದ ಗಾಳಿ ಹೊಡೆಸುವುದು ಸಲ್ಲದು, ಕಾಗದ ಹರಿಯುತ್ತದೆ. ತುಸು ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆಂಬುದು ವಿಚಿತ್ರವಾದರೂ ನಿಜ.

ಪತ್ರ ಬರೆದ ಬಂಧುಗಳಲ್ಲಿ ಒಂದು ವಿನಂತಿ. ಬರುವ ಅಮಾವಾಸ್ಯೆಗೆ ಹೇಗೂ ಗಾಡಿ ತೊಳೆದು ಪೂಜೆ ಮಾಡುತ್ತೀರಿ. ಅಂದು ಎಂಜಿನ್ ಆರಿಸಿ, ಫಿಲ್ಟರಿನ ಪೆಟ್ಟಿಗೆ ತೆರೆದು, ಎಂಜಿನ್ನಿನ ಕಡೆಯ ಕೊಳವೆಯ ಒಳಗನ್ನು ಬಿಳಿಯ ಬಟ್ಟೆಯಿಂದ ಒರೆಸಲು ಮಗನಿಗೆ ಹೇಳಿರಿ. ಬಟ್ಟೆಗೆ ಮಣ್ಣು ಹತ್ತಿದರೆ ಹೊಸ ಫಿಲ್ಟರಿಗೆ ಓಡುವ ಮೊದಲು ಪೆಟ್ಟಿಗೆಯ ಕ್ಲಿಪ್ಪುಗಳನ್ನು ನೋಡಲಿ. ನಮ್ಮ ಕಡೆಯ ಗಾಡಿಗಳಲ್ಲಿ ಒಂದಾದರೂ ಮುರಿದಿರುತ್ತದೆ.